ಫೋಟೋ ನೋಡಿ ಅಳತೆ ಮಾಡಿದ ಮೈಡನ್‌ಬಾವರ್



ಈ ಸಲ ಗೋಡೆ ಪತ್ರಿಕೆಯಲ್ಲಿ ಮಹನೀಯರ ಜೀವನ ಚರಿತ್ರೆ ಬರೆಯುವ ಸರದಿ ನನ್ನದು. ಗಾಂಧೀಜಿ, ವಿಶ್ವೇಶ್ವರಯ್ಯ, ಎಡಿಸನ್ ಬಗ್ಗೆ ಎಲ್ಲರೂ ಬರೆದಿದ್ದಾರೆ. ಅದಕ್ಕೇ ನಾನು ಜರ್ಮನಿ ದೇಶದ ಆಲ್ಬ್ರೆಕ್ಟ್ ಮೈಡನ್‌ಬಾವರ್ ಬಗ್ಗೆ ಬರೀತೀನಿ. ಫೋಟೋ ನೋಡಿ ಅಳತೆ ಮಾಡುವ ವಿದ್ಯೆಗೆ ದಾರಿ ಮಾಡಿದವರಲ್ಲಿ ಇವರು ಪ್ರಮುಖರು. ಇವರು ಅಳೆದದ್ದು ಹಳೇ ಕಟ್ಟಡಗಳನ್ನು. ಆದರೆ ಇವತ್ತು ಕಾರು, ಟೆಂಪೋಗಳ ಚಕ್ರ ನೇರ ಇದೆಯಾ ಅಂತ ನೋಡುವ ಕ್ಯಾಮೆರಾ ಮೆಷಿನ್‌ಗೂ ಇವರ ಯೋಚನೆಗೂ ನಂಟಿದೆ. ಅದು ಹೇಗೆ ಅಂತ ಮುಂದೆ ಹೇಳ್ತೀನಿ.

ಮೈಡನ್‌ಬಾವರ್ ಅವರು 1834ನೇ ಇಸವಿ ಏಪ್ರಿಲ್ 30ರಂದು ತೋಲಾಯ್ ಎಂಬ ಊರಿನಲ್ಲಿ ಜನಿಸಿದರು. ಬರ್ಲಿನ್ ನಗರದಲ್ಲಿ ಕಟ್ಟಡ ಕಟ್ಟುವ ವಿದ್ಯೆಯನ್ನು ಕಲಿತರು. 1858ರಲ್ಲಿ ಅವರಿಗೆ 24 ವರ್ಷ. ಆಗ ವೆಟ್ಸ್‌ಲಾರ್ ಎಂಬ ಊರಿನ ದೊಡ್ಡ ಚರ್ಚನ್ನು ಅಳೆದು ನಕ್ಷೆ ಬರೆಯುವ ಕೆಲಸ ಸಿಕ್ಕಿತು. ಅಷ್ಟೆತ್ತರದ ಗೋಡೆಗೆ ಸಾರವೆ ಕಟ್ಟಿಸಲು ತುಂಬಾ ಖರ್ಚು. ಅದಕ್ಕೆ ಅವರು ಹಗ್ಗಕ್ಕೆ ಬುಟ್ಟಿ ಕಟ್ಟಿ, ಅದರಲ್ಲಿ ನೇತಾಡುತ್ತಾ ಗೋಡೆ ಅಳೆಯುತ್ತಿದ್ದರು.

ಒಂದು ದಿನ ಸಂಜೆ ಬುಟ್ಟಿಯಿಂದ ಕಿಟಕಿಯ ಒಳಗೆ ಕಾಲಿಡಲು ಹೋದಾಗ ಬುಟ್ಟಿ ಗೋಡೆಯಿಂದ ದೂರ ಸರಿದುಬಿಟ್ಟಿತು. ಕೆಳಗೆ ನೋಡಿದರೆ ಪಾತಾಳ. ಇನ್ನೇನು ಬಿದ್ದೇಬಿಡ್ತಿದ್ದರು. ಒಂದು ಕೈಯಲ್ಲಿ ಕಲ್ಲಿನ ಕಮಾನನ್ನು ಹಿಡಿದು, ಕಾಲಿನಿಂದ ಬುಟ್ಟಿಯನ್ನು ಜೋರಾಗಿ ಒದ್ದು ಕಿಟಕಿಯೊಳಕ್ಕೆ ನುಗ್ಗಿ ಪ್ರಾಣ ಉಳಿಸಿಕೊಂಡರು.

ಬೇರೆಯವರಾಗಿದ್ದರೆ ಆ ಕೆಲಸವೇ ಬೇಡ ಅಂತ ಬಿಟ್ಟು ಹೋಗುತ್ತಿದ್ದರೋ ಏನೋ. ಇವರು ಬೇರೆ ತರಹ ಯೋಚಿಸಿದರು. ಮನುಷ್ಯ ಗೋಡೆ ಹತ್ತಿ ಯಾಕೆ ಅಳೆಯಬೇಕು? ಕೆಳಗೆ ನಿಂತು ಫೋಟೋ ತೆಗೆದು, ಆ ಫೋಟೋದಲ್ಲೇ ಅಳೆದರೆ ಆಗದೇ?

ಒಂದೇ ಫೋಟೋದಲ್ಲಿ ದೂರ ಎಷ್ಟು ಅಂತ ಸರಿಯಾಗಿ ತಿಳಿಯುವುದಿಲ್ಲ. ನೀವೇ ಒಂದು ಕಣ್ಣು ಮುಚ್ಚಿಕೊಂಡು ಪೆನ್ನಿಗೆ ಕ್ಯಾಪ್ ಹಾಕಿ ನೋಡಿ, ತಪ್ಪಿಹೋಗುತ್ತೆ. ಎರಡೂ ಕಣ್ಣು ಬಿಟ್ಟರೆ ಸರಿಯಾಗಿ ಕೂರುತ್ತೆ. ಹಾಗೆಯೇ ಎರಡು ಜಾಗದಿಂದ ಒಂದೇ ಕಟ್ಟಡದ ಫೋಟೋ ತೆಗೆಯಬೇಕು. ಆ ಎರಡು ಜಾಗಗಳ ನಡುವಿನ ದೂರ ಮೊದಲೇ ಗೊತ್ತಿರಬೇಕು. ಆಮೇಲೆ ಎರಡೂ ಕಡೆಯಿಂದ ಕಿಟಕಿಯ ಮೂಲೆಗೆ ಗೆರೆ ಎಳೆದರೆ, ಗೆರೆಗಳು ಸೇರುವ ಕಡೆಯೇ ಆ ಮೂಲೆ ಇರುತ್ತದೆ. ಇದೆಲ್ಲಾ ನಮ್ಮ ರೇಖಾಗಣಿತವೇ!

ಅದೇ ಕಾಲದಲ್ಲಿ ಫ್ರಾನ್ಸ್ ದೇಶದಲ್ಲಿ ಲೋಸೆದಾ ಎಂಬುವರೂ ಫೋಟೋದಿಂದ ಭೂಮಿಯ ನಕ್ಷೆ ಮಾಡುತ್ತಿದ್ದರು. ಮೈಡನ್‌ಬಾವರ್ 1867ರಲ್ಲಿ ಅಳತೆಗೆಂದೇ ಒಂದು ಕ್ಯಾಮೆರಾ ಮಾಡಿಸಿ ಫ್ರೈಬುರ್ಗ್ ಎಂಬ ಊರಿನಲ್ಲಿ ಪರೀಕ್ಷೆ ಮಾಡಿದರು. ಈ ವಿದ್ಯೆಗೆ ಫೋಟೋಗ್ರಾಮೆಟ್ರಿ ಎಂಬ ಹೆಸರು ಪತ್ರಿಕೆಯಲ್ಲಿ ಮೊದಲು ಅಚ್ಚಾಗಿದ್ದೂ ಅದೇ ವರ್ಷ.

ಆದರೆ ಅದಕ್ಕೆಂದೇ ಒಂದು ಕಚೇರಿ ಆಗಲು ತುಂಬಾ ವರ್ಷ ಹಿಡಿಯಿತು. 1885ರಲ್ಲಿ ಬರ್ಲಿನ್‌ನಲ್ಲಿ ಫೋಟೋ ಅಳತೆಯ ಸರ್ಕಾರಿ ಸಂಸ್ಥೆ ಶುರುವಾಯಿತು. ಬುಟ್ಟಿಯಿಂದ ಬೀಳುತ್ತಿದ್ದ ದಿನದಿಂದ ಲೆಕ್ಕ ಹಾಕಿದರೆ 27 ವರ್ಷ! ಅವರೇ ಅದರ ಮುಖ್ಯಸ್ಥರಾಗಿ 1909ರವರೆಗೆ ದುಡಿದರು. ಆಗ ಫಿಲ್ಮ್ ಬದಲು 40 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಗಾಜಿನ ಹಲಗೆ ಬಳಸುತ್ತಿದ್ದರು. ನಮ್ಮ ಸ್ಲೇಟಿಗಿಂತ ದೊಡ್ಡದು. ಇಂಥ ಭಾರದ ಗಾಜನ್ನು ಒಡೆಯದಂತೆ ಊರೂರಿಗೆ ಹೊತ್ತು, ಸಾವಿರಾರು ಫೋಟೋ ತೆಗೆದಿಟ್ಟರು. 1921ರಲ್ಲಿ ತಮ್ಮ 87ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಕೆಲಸದ ಬೆಲೆ ಗೊತ್ತಾಗಿದ್ದು ಅವರು ಹೋದ ಮೇಲೆ. 1939ರಿಂದ 1945ರವರೆಗೆ ನಡೆದ ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಜರ್ಮನಿಯ ಎಷ್ಟೋ ಕಟ್ಟಡಗಳು ನಾಶವಾದವು. ಬರ್ಲಿನ್‌ನ ಫ್ರೆಂಚ್ ಚರ್ಚ್ ಗೋಪುರವೂ ಸುಟ್ಟುಹೋಯಿತು. 1980ರ ಆಸುಪಾಸಿನಲ್ಲಿ ಅದನ್ನು ಮತ್ತೆ ಕಟ್ಟುವಾಗ ಮೈಡನ್‌ಬಾವರ್ ಅವರ ಹಳೇ ಫೋಟೋಗಳಿಂದಲೇ ಅಳತೆ ತೆಗೆದರು. ಗಾಜು ಉಳಿದಿದ್ದರಿಂದ ಕಲ್ಲಿನ ಗೋಪುರ ಮತ್ತೆ ಎದ್ದಿತು!

ಈಗ ಚಕ್ರದ ವಿಷಯ. ನಮ್ಮ ಮಾವನ ಟೆಂಪೋದ ಮುಂದಿನ ಟೈರು ಒಂದೇ ಪಕ್ಕ ಸವೆದು ಹೋಗಿತ್ತು. ಚಕ್ರ ಸ್ವಲ್ಪ ಒಳಕ್ಕೋ ಹೊರಕ್ಕೋ ತಿರುಗಿದ್ದರೆ ಟೈರು ಉರುಳುವುದರ ಜೊತೆಗೆ ರಸ್ತೆಗೆ ಉಜ್ಜುತ್ತಂತೆ. ಪೇಟೆಯ ವೀಲ್ ಅಲೈನ್‌ಮೆಂಟ್ ಅಂಗಡಿಗೆ ನಾನೂ ಹೋಗಿದ್ದೆ. ಮುಂಚೆ ದಾರ ಎಳೆದು ನೋಡುತ್ತಿದ್ದರಂತೆ. ಈಗ ನಾಲ್ಕೂ ಚಕ್ರಕ್ಕೆ ಚುಕ್ಕಿಗಳಿರುವ ಹಲಗೆ ಸಿಕ್ಕಿಸಿ, ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ಉರುಳಿಸ್ತಾರೆ. ಎದುರಿನ ಕ್ಯಾಮೆರಾಗಳು ಆ ಚುಕ್ಕಿಗಳನ್ನು ನೋಡುತ್ತವೆ. ಚಕ್ರ ಎಷ್ಟು ವಾಲಿದೆ ಅಂತ ಕಂಪ್ಯೂಟರ್ ಲೆಕ್ಕ ಹಾಕಿ ತೋರಿಸುತ್ತೆ.

ಇದು ಅರ್ಥ ಆಗಬೇಕಾದರೆ ಬಿಸಿಯೂಟದ ತಟ್ಟೆಯನ್ನು ಗೆಳೆಯನ ಕೈಗೆ ಕೊಟ್ಟು ದೂರ ನಿಲ್ಲಿಸಿ. ನೇರ ಹಿಡಿದರೆ ತಟ್ಟೆ ದುಂಡಗೆ ಕಾಣುತ್ತೆ, ಓರೆ ಮಾಡಿದರೆ ಮೊಟ್ಟೆ ಆಕಾರ. ದೂರ ಹೋದರೆ ಚಿಕ್ಕದು. ತಟ್ಟೆಯ ನಿಜವಾದ ಅಳತೆ ಗೊತ್ತಿದ್ದರೆ, ಅದು ಕಾಣುವ ರೀತಿಯಿಂದಲೇ ಎಷ್ಟು ದೂರ, ಎಷ್ಟು ಓರೆ ಅಂತ ಹೇಳಬಹುದು. ಆ ಮೆಷಿನ್ ಮಾಡಿದ್ದು ಮೈಡನ್‌ಬಾವರ್ ಅಲ್ಲ, ಎಷ್ಟೋ ವರ್ಷಗಳ ನಂತರ ಬಂದ ಇಂಜಿನಿಯರುಗಳು. ಆದರೆ ಚಿತ್ರದಿಂದ ಹಿಂದಕ್ಕೆ ಲೆಕ್ಕ ಹಾಕಿ ನಿಜವಾದ ಅಳತೆ ತಿಳಿಯುವುದು ಅವರು ಹಿಡಿದ ದಾರಿಯೇ.

ಇಂಥ ಮಹನೀಯರಿಂದ ನಾವು ಕಲಿಯಬೇಕಾದ್ದು ಬಹಳ ಇದೆ. ಅಪಾಯ ಬಂದಾಗ ಹೆದರಿ ಸುಮ್ಮನಾಗದೆ, ಮುಂದೆ ಯಾರಿಗೂ ಆ ಅಪಾಯ ಬಾರದಂತೆ ಉಪಾಯ ಹುಡುಕಬೇಕು. ಜನ ಒಪ್ಪಲು ವರ್ಷಗಟ್ಟಲೆ ಹಿಡಿದರೂ ಬಿಡಬಾರದು. ತಟ್ಟೆಯ ಪ್ರಯೋಗವನ್ನು ಎಲ್ಲರೂ ತಪ್ಪದೆ ಮಾಡಿ ನೋಡಿ.

— 7ನೇ ತರಗತಿ