ಶ್ರೀ ರಮಣ ಮಹರ್ಷಿಗಳ ಎಡತೋಳಿನ ವ್ರಣ

ಹಳಿಯಾಳ, ಮುಂಡಗೋಡಗಳ ಹೊಲಗದ್ದೆಗಳಲ್ಲಿ, ಜೋಯಿಡಾದ ಕಾಡುದಾರಿಗಳಲ್ಲಿ, ದಾಂಡೇಲಿಯ ಕಾರ್ಖಾನೆಯಲ್ಲಿ ದುಡಿಯುವ ನಮ್ಮ ಭಕ್ತರಿಗೆ ಪೆಟ್ಟು ಹೊಸದಲ್ಲ. ಬಿದ್ದ ಪೆಟ್ಟಿಗೆಂದು ಆಸ್ಪತ್ರೆಗೆ ಹೋದವರಿಗೆ ಅಲ್ಲಿ ಕ್ಯಾನ್ಸರ್ ಇರುವುದು ತಿಳಿದುಬರುವ ಪ್ರಸಂಗಗಳೂ ಉಂಟು. ಆಗ ಮನೆಯವರನ್ನು ರೋಗಕ್ಕಿಂತ ಹೆಚ್ಚಾಗಿ ಬಾಧಿಸುವುದು ಒಂದೇ ಪ್ರಶ್ನೆ: ಇದು ಯಾವ ಪಾಪದ ಫಲ? ಈ ಪ್ರಶ್ನೆಯನ್ನು ಹೊತ್ತವರು ತಿರುವಣ್ಣಾಮಲೆಯ ಶ್ರೀ ರಮಣ ಮಹರ್ಷಿಗಳ ಜೀವನವನ್ನು ಒಮ್ಮೆ ಸ್ಮರಿಸಬೇಕು.

ಮಹರ್ಷಿಗಳು 1879ರ ಡಿಸೆಂಬರ್ 30ರಂದು ತಮಿಳುನಾಡಿನ ತಿರುಚ್ಚುಳಿಯಲ್ಲಿ ಜನಿಸಿದರು. ವೆಂಕಟರಾಮನ್ ಎಂಬುದು ಪೂರ್ವಾಶ್ರಮದ ಹೆಸರು. 1896ರಲ್ಲಿ, ಹದಿನಾರರ ಹರೆಯದಲ್ಲಿ, ಮಧುರೆಯ ಮನೆಯಲ್ಲಿ ಅವರನ್ನು ಹಠಾತ್ತಾಗಿ ಮರಣಭಯ ಆವರಿಸಿತು. ಅವರು ಓಡಲಿಲ್ಲ. ನೆಲದ ಮೇಲೆ ಶವದಂತೆ ಮಲಗಿ, ದೇಹ ಸತ್ತರೆ ಸಾಯುವವರು ಯಾರೆಂದು ಒಳಗೆ ಹುಡುಕಿದರು. ಅಂದು ಕಂಡ ಅರಿವು ಮತ್ತೆ ಅವರನ್ನು ಬಿಡಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 1ರಂದು ಅರುಣಾಚಲವನ್ನು ಸೇರಿದವರು ಮುಂದಿನ 54 ವರ್ಷ ಆ ಕ್ಷೇತ್ರವನ್ನು ಬಿಟ್ಟು ಹೋಗಲಿಲ್ಲ.

ಆರಂಭದ ದಿನಗಳಲ್ಲಿ ದೇವಾಲಯದ ಪಾತಾಳಲಿಂಗದ ನೆಲಮಾಳಿಗೆಯಲ್ಲಿ ಅವರು ಧ್ಯಾನಮಗ್ನರಾಗಿ ಕುಳಿತಿದ್ದರು. ಹುಳುಗಳು ತೊಡೆಗಳನ್ನು ಕಚ್ಚಿ ಹುಣ್ಣು ಮಾಡಿದರೂ ಅವರಿಗೆ ಅದರ ಪರಿವೆಯಿರಲಿಲ್ಲ. ಕಂಡವರೇ ಅವರನ್ನು ಎತ್ತಿ ಹೊರಗೆ ತಂದರು.

1899ರಿಂದ 1916ರವರೆಗೆ ಮಹರ್ಷಿಗಳು ನೆಲೆಸಿದ ವಿರೂಪಾಕ್ಷ ಗುಹೆ ಲಿಂಗಾಯತರಾದ ನಮಗೆ ವಿಶೇಷವಾದುದು. ಅದು ವೀರಶೈವ ಪರಂಪರೆಯ ವಿರೂಪಾಕ್ಷದೇವರ ಸಮಾಧಿಸ್ಥಾನ. ಅವರೊಡನೆ ಆ ಬೆಟ್ಟಕ್ಕೆ ಬಂದ ಗುಹಾ ನಮಃಶಿವಾಯರು ಕನ್ನಡ ನಾಡಿನವರೆಂಬುದು ಪರಂಪರೆಯ ನಂಬಿಕೆ. ಹೀಗೆ ಶರಣಧರ್ಮದ ಒಂದು ಕುಡಿ ಅರುಣಾಚಲದಲ್ಲಿ ಬೇರೂರಿತ್ತು.

1924ರ ಜೂನ್ 26ರ ರಾತ್ರಿ ಕಳ್ಳರು ಆಶ್ರಮಕ್ಕೆ ನುಗ್ಗಿ ಮಹರ್ಷಿಗಳ ಎಡತೊಡೆಗೆ ಹೊಡೆದರು. ಪ್ರತೀಕಾರಕ್ಕೆ ಎದ್ದ ಶಿಷ್ಯರನ್ನು ಅವರೇ ತಡೆದರು. ತಮಗೆ ಬಿದ್ದ ಪೆಟ್ಟಿಗಿಂತ ಶಿಷ್ಯರ ಕೋಪವೇ ಅವರಿಗೆ ದೊಡ್ಡ ಗಾಯವಾಗಿ ಕಂಡಿರಬೇಕು.

1948ರ ಕೊನೆಯಲ್ಲಿ ಅವರ ಎಡತೋಳಿನ ಮೊಣಕೈ ಬಳಿ ಸಣ್ಣದೊಂದು ಗಂಟು ಕಾಣಿಸಿಕೊಂಡಿತು. 1949ರ ಫೆಬ್ರವರಿಯಲ್ಲಿ ಅದನ್ನು ಕೊಯ್ದು ತೆಗೆದರು. ಗಾಯ ಮಾಯುವ ಮೊದಲೇ ಗಂಟು ಮರಳಿತು. ಮಾರ್ಚ್‌ನಲ್ಲಿ ಮತ್ತೊಂದು ಶಸ್ತ್ರಚಿಕಿತ್ಸೆಯಾಯಿತು. ಪರೀಕ್ಷೆಯಲ್ಲಿ ಅದು ಸಾರ್ಕೋಮಾ ಎಂಬ ಕ್ಯಾನ್ಸರ್ ಎಂದು ತಿಳಿಯಿತು. ರೇಡಿಯಂ ಚಿಕಿತ್ಸೆ ನಡೆಯಿತು. ಆಗಸ್ಟ್‌ನಲ್ಲಿ ಮೂರನೆಯ, ಡಿಸೆಂಬರ್‌ನಲ್ಲಿ ನಾಲ್ಕನೆಯ ಶಸ್ತ್ರಚಿಕಿತ್ಸೆಗಳಾದವು. ತೋಳನ್ನೇ ಕತ್ತರಿಸುವ ಸಲಹೆಯನ್ನು ಮಾತ್ರ ಅವರು ಒಪ್ಪಲಿಲ್ಲ. ಉಳಿದಂತೆ ವೈದ್ಯರ, ಭಕ್ತರ ಸಮಾಧಾನಕ್ಕಾಗಿ ದೇಹವನ್ನು ಅವರ ಕೈಗೆ ಒಪ್ಪಿಸಿದ್ದರು. ನೋವಿಲ್ಲವೆಂದು ಅವರು ಎಂದೂ ನಟಿಸಲಿಲ್ಲ. ನೋವನ್ನು ತಾನೆಂದು ಭಾವಿಸಲೂ ಇಲ್ಲ. ದೂರದಿಂದ ಬಂದವರಿಗೆ ದರ್ಶನ ತಪ್ಪಬಾರದೆಂದು ಕೊನೆಯವರೆಗೂ ಪಟ್ಟುಹಿಡಿದರು. 1950ರ ಏಪ್ರಿಲ್ 14ರ ರಾತ್ರಿ 8 ಗಂಟೆ 47 ನಿಮಿಷಕ್ಕೆ ಅವರು ಲಿಂಗೈಕ್ಯರಾದರು.

ಎಡಗೈ ನಮಗೆ ಇಷ್ಟಲಿಂಗದ ಪೀಠ. ಅಂಥ ಕೈಗೇ ವ್ರಣವಾದರೆ ಶಿವನು ಮುನಿದನೆಂದು ಭಕ್ತನು ಅಂಜಬಹುದು. ಮಹರ್ಷಿಗಳ ಜೀವನ ಈ ಅಂಜಿಕೆಯನ್ನು ಕಳೆಯುತ್ತದೆ. ಅಷ್ಟು ನಿರ್ಮಲವಾದ ಬಾಳಿಗೂ ಈ ರೋಗ ಬಂದಿತೆಂದಮೇಲೆ, ರೋಗವನ್ನು ಪಾಪದ ಗುರುತೆಂದು ಹೇಳುವ ಅಧಿಕಾರ ಯಾರಿಗಿದೆ? ರೋಗಿಯ ಮುಂದೆ ಹಾಗೆ ಮಾತನಾಡುವುದೇ ಪಾಪ.

ಇನ್ನೊಂದು ಮಾತನ್ನೂ ಮರೆಯಬಾರದು. ಪೆಟ್ಟಿನಿಂದಲೇ ಕ್ಯಾನ್ಸರ್ ಬಂದಿತೆಂದು ನಮ್ಮ ಕಡೆ ಅನೇಕರು ಭಾವಿಸುತ್ತಾರೆ. ಸಾಮಾನ್ಯವಾಗಿ ಹಾಗಲ್ಲ, ಒಳಗೆ ಮೊದಲೇ ಇದ್ದ ಗಂಟಿನತ್ತ ಪೆಟ್ಟು ನಮ್ಮ ಗಮನ ಸೆಳೆಯುತ್ತದೆ. ಆದ್ದರಿಂದ ಆ ಪೆಟ್ಟನ್ನು ಶಾಪವೆನ್ನದೆ ಎಚ್ಚರಿಕೆಯೆಂದು ತಿಳಿಯಬಹುದು. ಮಹರ್ಷಿಗಳ ಸಮಚಿತ್ತವನ್ನು ನೆಪಮಾಡಿ ಚಿಕಿತ್ಸೆ ಬಿಡುವುದು ಸಲ್ಲದು. ಅವರೇ ನಾಲ್ಕು ಬಾರಿ ಶಸ್ತ್ರಚಿಕಿತ್ಸೆಗೆ ಒಳಗಾದವರು. ಶರಣರು ಕಾಯವನ್ನು ಪ್ರಸಾದವೆಂದರು. ಪ್ರಸಾದವನ್ನು ಕೆಡಗೊಡಬಾರದು, ಅದಕ್ಕೆ ಅಂಟಿಕೊಳ್ಳಲೂಬಾರದು. ಗಂಟು ಕಂಡೊಡನೆ ತಡಮಾಡದೆ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಿರಿ. ಹೋಗುವಾಗ ಕರದಲ್ಲಿ ಲಿಂಗವಿರಲಿ, ಮನದಲ್ಲಿ ಧೈರ್ಯವಿರಲಿ.