ಮೈಯೊಳಗಿನ ಕಾವಲುಗಾರರನ್ನು ಕಂಡ ಮೆಚ್ನಿಕಾಫ್

ಇಲ್ಯಾ ಮೆಚ್ನಿಕಾಫ್ ಹುಟ್ಟಿದ್ದು 1845ರಲ್ಲಿ, ಈಗ ಉಕ್ರೇನ್‌ಗೆ ಸೇರಿರುವ ಖಾರ್ಕಿವ್ ಹತ್ತಿರದ ಹಳ್ಳಿಯಲ್ಲಿ. ಆಗ ಅದು ರಷ್ಯಾ ಸಾಮ್ರಾಜ್ಯ. ಪ್ರಾಣಿಶಾಸ್ತ್ರ ಓದಿ ಚಿಕ್ಕ ವಯಸ್ಸಿಗೇ ಒಡೆಸ್ಸಾದಲ್ಲಿ ಪ್ರೊಫೆಸರ್ ಆದರು. ಆದರೆ ಮೊದಲ ಹೆಂಡತಿ ಲುದ್ಮಿಲಾ 1873ರಲ್ಲಿ ಕ್ಷಯದಿಂದ ತೀರಿಕೊಂಡರು. ಮುಂದೆ ಎರಡನೇ ಹೆಂಡತಿ ಓಲ್ಗಾ ಟೈಫಾಯ್ಡ್ ಬಂದು ಸಾವಿನ ಬಾಗಿಲು ನೋಡಿ ಬಂದರು. ಆ ವರ್ಷಗಳಲ್ಲಿ ಮೆಚ್ನಿಕಾಫ್‌ಗೆ ಎರಡು ಸಲ ಬದುಕೇ ಬೇಡ ಅನ್ನಿಸಿತ್ತು.

1882ರಲ್ಲಿ ಯೂನಿವರ್ಸಿಟಿ ಕೆಲಸ ಬಿಟ್ಟು ಇಟಲಿಯ ಮೆಸ್ಸಿನಾಕ್ಕೆ ಹೋದರು. ಒಂದು ದಿನ ಮನೆಯವರೆಲ್ಲ ಸರ್ಕಸ್‌ಗೆ ಹೋಗಿದ್ದಾಗ ಒಬ್ಬರೇ ಮೈಕ್ರೋಸ್ಕೋಪ್ ಮುಂದೆ ಕೂತಿದ್ದರು. ನಕ್ಷತ್ರಮೀನಿನ ಮರಿಯ ಮೈ ಗಾಜಿನಂತೆ ಪಾರದರ್ಶಕ. ಒಳಗೆ ಓಡಾಡುವ ಕಣಗಳು ಹೊರಗಿನ ಶತ್ರುವನ್ನು ಹಿಡಿಯುತ್ತವೆಯೇ ಎಂಬ ಯೋಚನೆ ಬಂತು. ಗುಲಾಬಿ ಮುಳ್ಳು ತಂದು ಚುಚ್ಚಿದರು. ಬೆಳಿಗ್ಗೆ ನೋಡಿದರೆ ಕಣಗಳು ಮುಳ್ಳನ್ನು ಮುತ್ತಿಕೊಂಡಿದ್ದವು!

ಮುಳ್ಳಿಗೇನೋ ಜೀವ ಇಲ್ಲ. ಜೀವ ಇರುವ ಪರಾವಲಂಬಿ ಒಳಹೊಕ್ಕರೆ? ಉತ್ತರ ಸಿಕ್ಕಿದ್ದು ಕೊಳದ ನೀರಿನ ಡಾಫ್ನಿಯಾ ಎಂಬ ಸಣ್ಣ ಜೀವಿಯಲ್ಲಿ. ಒಂದು ಬಗೆಯ ಶಿಲೀಂಧ್ರದ ಸೂಜಿಯಂಥ ಬೀಜಕಣಗಳು ಆಹಾರದ ಜೊತೆ ಅದರ ಹೊಟ್ಟೆಗೆ ಹೋಗಿ, ಕರುಳು ತೂರಿ ಮೈಯೊಳಗೆ ಇಳಿಯುತ್ತವೆ. ಕಾವಲು ಕಣಗಳು ಅವನ್ನು ಸುತ್ತುವರಿದು ನುಂಗಿ ಜೀರ್ಣಿಸುತ್ತವೆ. ಬಂದವು ಕಡಿಮೆಯಿದ್ದರೆ ಡಾಫ್ನಿಯಾ ಉಳಿಯುತ್ತದೆ. ಜಾಸ್ತಿಯಾಗಿ, ನುಂಗುವ ಮೊದಲೇ ಮೊಳೆತು ಬೆಳೆದರೆ ಸಾಯುತ್ತದೆ. 1884ರಲ್ಲಿ ಮೆಚ್ನಿಕಾಫ್ ಇದನ್ನು ಪ್ರಕಟಿಸಿದರು. ನಮ್ಮ ಬಿಳಿ ರಕ್ತಕಣಗಳದ್ದೂ ಇದೇ ಕೆಲಸ ಎಂದರು.

ಜರ್ಮನಿಯ ವಿಜ್ಞಾನಿಗಳು ಒಪ್ಪಲಿಲ್ಲ. ರೋಗ ತಡೆಯುವ ಶಕ್ತಿ ಕಣದಲ್ಲಲ್ಲ, ರಕ್ತದ ದ್ರವದಲ್ಲಿದೆ ಎಂದು ವಾದಿಸಿದರು. 1888ರಲ್ಲಿ ಮೆಚ್ನಿಕಾಫ್ ದೇಶ ಬಿಟ್ಟು ಪ್ಯಾರಿಸ್‌ಗೆ ಬಂದರು. ಲೂಯಿ ಪಾಸ್ಚರ್ ತಮ್ಮ ಸಂಸ್ಥೆಯಲ್ಲಿ ಲ್ಯಾಬ್ ಕೊಟ್ಟರು. ಜಗಳ ಇಪ್ಪತ್ತು ವರ್ಷ ನಡೆಯಿತು. 1908ರ ನೊಬೆಲ್ ಬಹುಮಾನ ಮೆಚ್ನಿಕಾಫ್‌ಗೂ, ದ್ರವದ ಪಕ್ಷದ ಪಾಲ್ ಎರ್ಲಿಕ್‌ಗೂ ಹಂಚಿಕೆಯಾಯಿತು. ಇಬ್ಬರದ್ದೂ ಸರಿಯೇ ಇತ್ತು. ದ್ರವದಲ್ಲಿರುವ ಪ್ರತಿಕಾಯಗಳು ಶತ್ರುವಿಗೆ ಅಂಟಿ ಗುರುತು ಹಾಕುತ್ತವೆ, ಕಣಗಳು ಬಂದು ನುಂಗುತ್ತವೆ. ಹೊಟ್ಟೆಹುಳುವಿನಂಥ ದೊಡ್ಡ ಪರಾವಲಂಬಿಯನ್ನು ನುಂಗಲಾಗದು. ಆಗ ಇಯೋಸಿನೋಫಿಲ್ ಎಂಬ ಬಿಳಿಕಣಗಳು ಅದರ ಮೇಲೆ ವಿಷ ಸುರಿಯುತ್ತವೆ. ಆ ಕಣಗಳನ್ನು ಮೊದಲು ಗುರುತಿಸಿ ಹೆಸರಿಟ್ಟವರು ಅದೇ ಎರ್ಲಿಕ್.

ಬದುಕು ಬೇಡ ಅಂದಿದ್ದವರೇ ಕೊನೆಗಾಲದಲ್ಲಿ ಆಯುಸ್ಸು ಹೆಚ್ಚಲಿ ಅಂತ ದಿನಾ ಹುಳಿ ಮಾಡಿದ ಹಾಲು ಕುಡಿಯುತ್ತಿದ್ದರು. 1916ರಲ್ಲಿ, 71ನೇ ವಯಸ್ಸಿನಲ್ಲಿ, ಪ್ಯಾರಿಸ್‌ನಲ್ಲೇ ತೀರಿಕೊಂಡರು. ಅವರ ಅಸ್ಥಿ ಊರಿಗೆ ಹೋಗಲಿಲ್ಲ. ದುಡಿದ ಜಾಗದಲ್ಲೇ, ಪಾಸ್ಚರ್ ಸಂಸ್ಥೆಯ ಲೈಬ್ರರಿಯಲ್ಲಿ ಇಂದಿಗೂ ಇದೆ.