ಜಾನ್ ಮೆಕ್‌ಲೆಂಡನ್

ಜಾನ್ ಬಿ. ಮೆಕ್‌ಲೆಂಡನ್ (ಏಪ್ರಿಲ್ 5, 1915 – ಅಕ್ಟೋಬರ್ 8, 1999) ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರಸಿದ್ಧ ಬ್ಯಾಸ್ಕೆಟ್‌ಬಾಲ್ ತರಬೇತುದಾರರು. ವರ್ಣಭೇದವು ಆಟದ ಅಂಗಳವನ್ನೂ ಇಬ್ಭಾಗ ಮಾಡಿದ್ದ ಕಾಲದಲ್ಲಿ ಇವರು ಕಪ್ಪು ವರ್ಣೀಯರ ಕಾಲೇಜೊಂದರ ತಂಡವನ್ನು 1957, 1958 ಮತ್ತು 1959ರಲ್ಲಿ ಸತತವಾಗಿ ಮೂರು ಬಾರಿ ರಾಷ್ಟ್ರೀಯ ಚಾಂಪಿಯನ್ ಪಟ್ಟಕ್ಕೇರಿಸಿದರು. ವೇಗದ ದಾಳಿಯನ್ನು ಆಧರಿಸಿದ ಇಂದಿನ ಆಟದ ಶೈಲಿಯನ್ನು ರೂಪಿಸಿದವರಲ್ಲಿ ಇವರು ಪ್ರಮುಖರು.

ಜನನ ಮತ್ತು ವಿದ್ಯಾಭ್ಯಾಸ

ಮೆಕ್‌ಲೆಂಡನ್ ಅವರು ಕ್ಯಾನ್ಸಸ್ ರಾಜ್ಯದ ಹಯವಾತಾ ಎಂಬ ಊರಿನಲ್ಲಿ ಜನಿಸಿದರು. ದೈಹಿಕ ಶಿಕ್ಷಣವನ್ನು ಅಭ್ಯಾಸ ಮಾಡಲು ಕ್ಯಾನ್ಸಸ್ ವಿಶ್ವವಿದ್ಯಾಲಯವನ್ನು ಸೇರಿದರು. 1891ರಲ್ಲಿ ಬ್ಯಾಸ್ಕೆಟ್‌ಬಾಲ್ ಆಟವನ್ನು ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಆಗ ಅಲ್ಲಿ ಪ್ರಾಧ್ಯಾಪಕರಾಗಿದ್ದರು. ಅವರೇ ಮೆಕ್‌ಲೆಂಡನ್ ಅವರಿಗೆ ಮಾರ್ಗದರ್ಶಕರಾದರು. ಆದರೆ ವಿಶ್ವವಿದ್ಯಾಲಯದ ತಂಡದಲ್ಲಿ ಬಿಳಿಯರಿಗೆ ಮಾತ್ರ ಸ್ಥಾನವಿತ್ತು. ಹೀಗಾಗಿ ಆಟದ ಜನಕನಿಂದಲೇ ಪಾಠ ಕಲಿತ ವಿದ್ಯಾರ್ಥಿಗೆ ತನ್ನ ವಿಶ್ವವಿದ್ಯಾಲಯದ ಪರವಾಗಿ ಆಡುವ ಅವಕಾಶ ದೊರೆಯಲಿಲ್ಲ. ಅಲ್ಲಿನ ಈಜುಕೊಳದ ಬಳಕೆಯಲ್ಲಿದ್ದ ಭೇದಭಾವವನ್ನೂ ಅವರು ವಿರೋಧಿಸಿದರು. 1936ರಲ್ಲಿ ಪದವಿ ಪಡೆದು, ಮರುವರ್ಷ ಅಯೋವಾ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿಯನ್ನು ಗಳಿಸಿದರು.

ಡರ್ಹಮ್‌ನ ದಿನಗಳು

1937ರಲ್ಲಿ ಮೆಕ್‌ಲೆಂಡನ್ ಅವರು ಉತ್ತರ ಕೆರೊಲಿನಾದ ಡರ್ಹಮ್ ನಗರದಲ್ಲಿದ್ದ ಕಪ್ಪು ವರ್ಣೀಯರ ಕಾಲೇಜನ್ನು (ಇಂದಿನ ನಾರ್ತ್ ಕೆರೊಲಿನಾ ಸೆಂಟ್ರಲ್ ವಿಶ್ವವಿದ್ಯಾಲಯ) ಸೇರಿದರು. 1940ರಲ್ಲಿ ಮುಖ್ಯ ತರಬೇತುದಾರರಾಗಿ 1952ರವರೆಗೆ ಸೇವೆ ಸಲ್ಲಿಸಿದರು. ಚೆಂಡು ಕೈಗೆ ಬಂದೊಡನೆ ಎದುರಾಳಿಗಳು ತಮ್ಮ ಸ್ಥಾನ ಸೇರುವ ಮೊದಲೇ ಮುನ್ನುಗ್ಗುವುದು, ಚೆಂಡು ಕಳೆದುಕೊಂಡಾಗ ಅಂಗಳದ ಉದ್ದಕ್ಕೂ ಎದುರಾಳಿಗಳನ್ನು ತಡೆಯುವುದು ಅವರ ಪದ್ಧತಿಯಾಗಿತ್ತು. ಇದಕ್ಕೆ ಅಪಾರ ದೇಹದಾರ್ಢ್ಯ ಬೇಕಾದುದರಿಂದ ಓಟದ ಅಭ್ಯಾಸವನ್ನು ಕಡ್ಡಾಯಗೊಳಿಸಿದ್ದರು. ಮುಂದೆ ಬಾಸ್ಟನ್ ಸೆಲ್ಟಿಕ್ಸ್ ತಂಡದಲ್ಲಿ ಖ್ಯಾತರಾದ ಸ್ಯಾಮ್ ಜೋನ್ಸ್ ಇಲ್ಲಿಯೇ ಅವರ ಶಿಷ್ಯರಾಗಿದ್ದರು.

ರಹಸ್ಯ ಪಂದ್ಯ

1944ರ ಮಾರ್ಚ್ 12ರ ಭಾನುವಾರ ಬೆಳಗ್ಗೆ ಡರ್ಹಮ್‌ನಲ್ಲಿ ನಡೆದ ಪಂದ್ಯವು ಇತಿಹಾಸದಲ್ಲಿ 'ರಹಸ್ಯ ಪಂದ್ಯ' ಎಂದೇ ಹೆಸರಾಗಿದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಆಗ ಕಪ್ಪು ಮತ್ತು ಬಿಳಿಯ ಆಟಗಾರರು ಒಂದೇ ಅಂಗಳದಲ್ಲಿ ಸೆಣಸುವುದು ನಿಷಿದ್ಧವಾಗಿತ್ತು. ವಿಷಯ ಬಯಲಾದರೆ ಆಟಗಾರರ ಮೇಲೆ ಹಲ್ಲೆಯಾಗುವ, ತರಬೇತುದಾರರು ಕೆಲಸ ಕಳೆದುಕೊಳ್ಳುವ ಭಯವಿತ್ತು. ಆದುದರಿಂದ ಊರಿನ ಬಹುತೇಕ ಜನರು ಚರ್ಚಿನಲ್ಲಿರುವ ವೇಳೆಯನ್ನೇ ಆರಿಸಿಕೊಳ್ಳಲಾಯಿತು. ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯಕೀಯ ವಿದ್ಯಾರ್ಥಿಗಳ ತಂಡದವರು ಮುಖ ಮರೆಸಿಕೊಂಡು ಒಳಬಂದರು. ಬಾಗಿಲುಗಳಿಗೆ ಬೀಗ ಹಾಕಿ, ಪ್ರೇಕ್ಷಕರಿಲ್ಲದೆ ಆಡಿದ ಈ ಪಂದ್ಯವನ್ನು ಮೆಕ್‌ಲೆಂಡನ್ ಅವರ ತಂಡ 88–44ರಿಂದ ಗೆದ್ದಿತು. ಬಳಿಕ ಎರಡೂ ತಂಡಗಳ ಆಟಗಾರರು ಬೆರೆತು ಇನ್ನೊಂದು ಆಟವನ್ನೂ ಆಡಿದರು. ಇದರ ವಿವರಗಳು ವ್ಯಾಪಕ ಪ್ರಚಾರಕ್ಕೆ ಬಂದದ್ದು 1996ರಲ್ಲಿ.

ಟೆನೆಸಿ ತಂಡದ ವಿಜಯಯಾತ್ರೆ

ಹ್ಯಾಂಪ್ಟನ್ ಕಾಲೇಜಿನಲ್ಲಿ ಎರಡು ವರ್ಷ ಕಳೆದ ಮೆಕ್‌ಲೆಂಡನ್ ಅವರು 1954ರಲ್ಲಿ ನ್ಯಾಶ್‌ವಿಲ್ ನಗರದ ಟೆನೆಸಿ ಎ. ಅಂಡ್ ಐ. ವಿಶ್ವವಿದ್ಯಾಲಯಕ್ಕೆ (ಇಂದಿನ ಟೆನೆಸಿ ಸ್ಟೇಟ್ ವಿಶ್ವವಿದ್ಯಾಲಯ) ಬಂದರು. ಕಪ್ಪು ವರ್ಣೀಯರ ಕಾಲೇಜುಗಳಿಗೂ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಅವಕಾಶ ನೀಡಬೇಕೆಂದು ಅವರು ಬಹುಕಾಲ ಒತ್ತಾಯಿಸಿದ್ದರು. ಕೊನೆಗೆ ಚಿಕ್ಕ ಕಾಲೇಜುಗಳ ಒಕ್ಕೂಟವಾದ ಎನ್.ಎ.ಐ.ಎ. ತನ್ನ ಬಾಗಿಲನ್ನು ತೆರೆಯಿತು. ಪಂದ್ಯಗಳು ಕ್ಯಾನ್ಸಸ್ ಸಿಟಿಯಲ್ಲಿ ನಡೆಯುತ್ತಿದ್ದವು. ಇತರ ತಂಡಗಳಿಗೆ ದೊರೆಯುವ ವಸತಿ ಮತ್ತು ಊಟದ ವ್ಯವಸ್ಥೆಯೇ ತಮ್ಮ ಆಟಗಾರರಿಗೂ ದೊರೆಯಬೇಕೆಂದು ಅವರು ಪಟ್ಟುಹಿಡಿದು ಅದನ್ನು ಸಾಧಿಸಿದರು.

ಮೂವತ್ತೆರಡು ತಂಡಗಳ ಈ ಪಂದ್ಯಾವಳಿಯಲ್ಲಿ ಪ್ರಶಸ್ತಿ ಗಳಿಸಲು ಒಂದೇ ವಾರದಲ್ಲಿ ಐದು ಪಂದ್ಯಗಳನ್ನು ಗೆಲ್ಲಬೇಕಿತ್ತು. 1957ರ ಅಂತಿಮ ಪಂದ್ಯದಲ್ಲಿ ಟೆನೆಸಿ ತಂಡವು ಸೌತ್‌ಈಸ್ಟರ್ನ್ ಒಕ್ಲಹೋಮಾ ತಂಡವನ್ನು 92–73ರಿಂದ ಸೋಲಿಸಿತು. ಎಲ್ಲ ವರ್ಣದವರೂ ಭಾಗವಹಿಸುವ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಕಪ್ಪು ವರ್ಣೀಯರ ಕಾಲೇಜೊಂದು ಪ್ರಶಸ್ತಿ ಪಡೆದದ್ದು ಅದೇ ಮೊದಲು. 1958ರಲ್ಲಿ ವೆಸ್ಟರ್ನ್ ಇಲಿನಾಯ್ ತಂಡವನ್ನು 85–73ರಿಂದ, 1959ರಲ್ಲಿ ಪೆಸಿಫಿಕ್ ಲೂಥರನ್ ತಂಡವನ್ನು 97–87ರಿಂದ ಮಣಿಸಿ ಪಟ್ಟವನ್ನು ಉಳಿಸಿಕೊಂಡಿತು. ಡಿಕ್ ಬಾರ್ನೆಟ್, ಜಾನ್ ಬಾರ್ನ್‌ಹಿಲ್ ಮೊದಲಾದವರು ಈ ತಂಡದ ಪ್ರಮುಖ ಆಟಗಾರರು. ಮೊದಲ ಜಯವನ್ನು ಅದೃಷ್ಟವೆಂದು ಕಡೆಗಣಿಸಲು ಅವಕಾಶವಿದ್ದರೂ ಮೂರನೆಯ ಜಯದ ನಂತರ ಆ ಮಾತಿಗೆ ಆಸ್ಪದವಿರಲಿಲ್ಲ.

ನಂತರದ ವೃತ್ತಿಜೀವನ

ಆನಂತರ ಮೆಕ್‌ಲೆಂಡನ್ ಅವರು ಕ್ಲೀವ್‌ಲ್ಯಾಂಡ್ ಪೈಪರ್ಸ್ ತಂಡವನ್ನು ಸೇರಿದರು. 1961ರಲ್ಲಿ ಆ ತಂಡವು ವೃತ್ತಿಪರ ಲೀಗ್ ಪ್ರವೇಶಿಸಿದಾಗ, ಅಂಥ ಲೀಗ್‌ನಲ್ಲಿ ತಂಡವನ್ನು ಮುನ್ನಡೆಸಿದ ಆರಂಭಿಕ ಕಪ್ಪು ವರ್ಣೀಯ ತರಬೇತುದಾರರಲ್ಲಿ ಒಬ್ಬರೆನಿಸಿದರು. ಮಾಲೀಕರೊಂದಿಗೆ ಭಿನ್ನಾಭಿಪ್ರಾಯ ಉಂಟಾಗಿ 1962ರಲ್ಲಿ ರಾಜೀನಾಮೆ ನೀಡಿದರು. ಕೆಂಟಕಿ ಸ್ಟೇಟ್ ಕಾಲೇಜಿನಲ್ಲಿ ಸೇವೆ ಸಲ್ಲಿಸಿ, 1966ರಲ್ಲಿ ಕ್ಲೀವ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ನೇಮಕಗೊಂಡರು. ಬಿಳಿಯರು ಬಹುಸಂಖ್ಯಾತರಾಗಿದ್ದ ವಿಶ್ವವಿದ್ಯಾಲಯವೊಂದು ಕಪ್ಪು ವರ್ಣೀಯರನ್ನು ಬ್ಯಾಸ್ಕೆಟ್‌ಬಾಲ್ ತಂಡದ ಮುಖ್ಯ ತರಬೇತುದಾರರನ್ನಾಗಿ ನೇಮಿಸಿದ್ದು ಹೊಸ ಸಂಗತಿಯಾಗಿತ್ತು. 1969ರಲ್ಲಿ ಅಲ್ಪಕಾಲ ಡೆನ್ವರ್ ರಾಕೆಟ್ಸ್ ತಂಡದ ಹೊಣೆಯನ್ನೂ ಹೊತ್ತಿದ್ದರು. ವೇಗದ ಆಟದ ತಂತ್ರಗಳನ್ನು ಕುರಿತು ಗ್ರಂಥವನ್ನೂ ರಚಿಸಿದ್ದಾರೆ.

ಗೌರವಗಳು ಮತ್ತು ನಿಧನ

ತಮ್ಮ ಗುರುವಿನ ಹೆಸರನ್ನು ಹೊತ್ತ ನೈಸ್ಮಿತ್ ಸ್ಮಾರಕ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಮೆಕ್‌ಲೆಂಡನ್ ಅವರು 1979ರಲ್ಲಿ ಸೇರ್ಪಡೆಯಾದರು. ಆದರೆ ಅಂದು ಅವರನ್ನು ಪರಿಗಣಿಸಿದ್ದು ಆಟಕ್ಕೆ ಕೊಡುಗೆ ನೀಡಿದವರೆಂದು ಮಾತ್ರ. ತರಬೇತುದಾರರೆಂಬ ನೆಲೆಯಲ್ಲಿ ಅದೇ ಗೌರವ ಸಂದದ್ದು ಮರಣಾನಂತರ, 2016ರಲ್ಲಿ. ಮೂರು ಪ್ರಶಸ್ತಿಗಳನ್ನು ಗೆದ್ದ ಟೆನೆಸಿ ತಂಡಗಳನ್ನು 2019ರಲ್ಲಿ ಅಲ್ಲಿಗೆ ಸೇರಿಸಲಾಯಿತು. 1999ರ ಅಕ್ಟೋಬರ್ 8ರಂದು ಮೆಕ್‌ಲೆಂಡನ್ ಅವರು ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ಹೈಟ್ಸ್‌ನಲ್ಲಿ ತಮ್ಮ 84ನೆಯ ವಯಸ್ಸಿನಲ್ಲಿ ನಿಧನರಾದರು.